ಚೈನ್‌ಗೂ ಒಂದಿಷ್ಟು ಸಡಿಲ ಬೇಕು

ಮಳೆಗಾಲ ಮುಗಿದು ದಸರಾ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬೈಕ್ ಚೈನಿನ ಬಗ್ಗೆಯೇ ಇರುತ್ತವೆ. ಒಬ್ಬರು, "ಚೈನ್ ಕಟಕಟ ಅನ್ನುತ್ತಿದೆ, ಏನು ಮಾಡಲಿ?" ಎನ್ನುತ್ತಾರೆ. ಇನ್ನೊಬ್ಬರು, "ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಸಿದೆ, ಸದ್ದು ನಿಂತಿತು. ಆದರೆ ಗಾಡಿ ಮೊದಲಿನ ಹಾಗೆ ಓಡುತ್ತಿಲ್ಲ" ಎನ್ನುತ್ತಾರೆ. ಇವೆರಡರಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಚಿಂತೆಯ ವಿಷಯ. ಸಡಿಲವಾದ ಚೈನ್ ಕೂಗಿ ಹೇಳುತ್ತದೆ. ಬಿಗಿಯಾದ ಚೈನ್ ಬಾಯಿ ಬಿಡದೆ ಗಾಡಿಯನ್ನು ಒಳಗಿಂದ ತಿನ್ನುತ್ತದೆ. ಹೊಸದಾಗಿ ಬೈಕ್ ಹಿಡಿದವರು ಈ ಒಂದು ಮಾತು ನೆನಪಿಟ್ಟುಕೊಂಡರೂ ಸಾಕು.

ಕೇಳುವವರಲ್ಲಿ ಹೆಚ್ಚಿನವರು ನಾಸಿಕ್‌ನ ಸಾತಪುರ, ಅಂಬಡ್ ಕಡೆಯ ಕಾರ್ಖಾನೆಗಳಿಗೋ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೋ ಕೆಲಸಕ್ಕೆ ಬಂದ ನಮ್ಮ ಹುಡುಗರು, ಈಚೆಗೆ ಹುಡುಗಿಯರೂ ಸಹ. ಊರಲ್ಲಿದ್ದಾಗ ಗಾಡಿ ಅಪ್ಪನದು, ಮೇಸ್ತ್ರಿ ಪರಿಚಯದವನು, ಚೈನ್ ನೋಡುವ ಕೆಲಸ ನಮ್ಮದಾಗಿರಲಿಲ್ಲ. ಇಲ್ಲಿ ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡ ಮೇಲೆ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. 1985ರಿಂದ ಬಜಾಜ್ ಆಟೋ ಕಾರ್ಖಾನೆ ಇರುವ ವಾಳೂಜ್‌ನಲ್ಲಿ ಬೈಕ್ ಬಿಡಿಭಾಗಗಳ ನಡುವೆಯೇ ದಿನ ಕಳೆಯುವವರು ಕೂಡ ತಮ್ಮ ಗಾಡಿಯ ಚೈನಿಗೆ ಎಷ್ಟು ಸಡಿಲ ಇರಬೇಕೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಾಚಿಕೆಪಡುವಂಥದ್ದೇನಲ್ಲ. ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಈ ದಾರಿ ಚೈನಿಗೆ ಯಾಕೆ ಕಷ್ಟ

ನಾಸಿಕ್‌ನಿಂದ ಸಂಭಾಜಿನಗರಕ್ಕೆ ರಸ್ತೆಯಲ್ಲಿ ಸುಮಾರು 190 ಕಿ.ಮೀ. ಸಮೃದ್ಧಿ ಮಹಾಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹಾಗಾಗಿ ಬೈಕಿನವರಿಗೆ ನಿಫಾಡ್, ಯೇವಲಾ, ವೈಜಾಪುರದ ಹಳೆಯ ದಾರಿಯೇ ಗತಿ. ಈರುಳ್ಳಿ, ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಹೊಲದಿಂದ ರಸ್ತೆಗೆ ಹತ್ತುವಾಗ ಚಕ್ರದ ಜೊತೆ ಕಪ್ಪು ಮಣ್ಣನ್ನೂ ತರುತ್ತವೆ. ಗದಗ, ವಿಜಯಪುರದ ಕಡೆಯವರಿಗೆ ಈ ಮಣ್ಣಿನ ಪರಿಚಯ ಮಾಡಿಸಬೇಕಿಲ್ಲ, ಅದೇ ನಮ್ಮ ಎರೆಮಣ್ಣು. ಒದ್ದೆಯಾದರೆ ಮೇಣದಂತೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹಿಟ್ಟಿನಂತೆ ಏಳುತ್ತದೆ. ಎರಡೂ ಚೈನಿಗೆ ಆಗಿಬರುವುದಿಲ್ಲ. ಇತ್ತ ನಾಸಿಕ್‌ನ ಪಶ್ಚಿಮಕ್ಕೆ, ತ್ರ್ಯಂಬಕೇಶ್ವರದ ಕಡೆ ಹೊರಟರೆ ಮಳೆಗಾಲದಲ್ಲಿ ಮಲೆನಾಡಿನಂಥ ಮಳೆ. ಒಂದೇ ವಾರದಲ್ಲಿ ಚೈನ್ ಮಳೆಯಲ್ಲಿ ತೊಳೆದು, ಧೂಳಿನಲ್ಲಿ ಹೊರಳಿ ಬರುತ್ತದೆ.

ಹಳೆಯ ತಲೆಮಾರಿನವರಿಗೆ ಇಷ್ಟು ತಲೆನೋವು ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಹಿಂದಿನ ಚೈನ್ ಪೂರ್ತಿ ತಗಡಿನ ಡಬ್ಬಿಯೊಳಗೆ ಇರುತ್ತಿತ್ತು. ಇಂದಿಗೂ ಎಷ್ಟೋ 100, 125 ಸಿಸಿ ಗಾಡಿಗಳಲ್ಲಿ ಅಂಥ ಪೂರ್ತಿ ಕವರ್ ಇದೆ. 150 ಸಿಸಿ ದಾಟಿದ ಹೆಚ್ಚಿನ ಗಾಡಿಗಳಲ್ಲಿ ಚೈನ್ ಬಯಲಿಗೇ ಬಿದ್ದಿರುತ್ತದೆ. ನೋಡಲು ಚೆಂದ, ಆದರೆ ಮಣ್ಣು, ನೀರು ನೇರವಾಗಿ ಅದಕ್ಕೇ ಬಡಿಯುತ್ತವೆ.

ಚೈನ್ ಉದ್ದವಾಗುವುದು ಹೇಗೆ

"ಚೈನ್ ಎಳೆದುಕೊಂಡಿದೆ" ಎನ್ನುತ್ತೇವೆ. ನಿಜವಾಗಿ ಅದರ ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ. ಹಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರೂಪಿಸಿದ ರೋಲರ್ ಚೈನಿನ ವಿನ್ಯಾಸವೇ ಇವತ್ತಿಗೂ ನಮ್ಮ ಬೈಕುಗಳಲ್ಲಿದೆ. ಪ್ರತಿ ಕೊಂಡಿಯಲ್ಲೂ ಒಂದು ಪಿನ್, ಅದರ ಮೇಲೆ ಬುಷ್, ಬುಷ್ ಮೇಲೆ ತಿರುಗುವ ರೋಲರ್. ಚೈನ್ ಸ್ಪ್ರಾಕೆಟ್ ಹಲ್ಲಿನ ಮೇಲೆ ಬಾಗುವಾಗ ಪಿನ್ ಬುಷ್‌ನೊಳಗೆ ಸ್ವಲ್ಪ ತಿರುಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಜಾರುತ್ತದೆ, ಮಣ್ಣು ಇದ್ದರೆ ಅರದಂತೆ ಉಜ್ಜುತ್ತದೆ.

428 ಎಂದು ಗುರುತು ಇರುವ ಸಾಮಾನ್ಯ ಚೈನನ್ನೇ ತೆಗೆದುಕೊಳ್ಳಿ. ಮೊದಲ ಅಂಕಿ 4 ಎಂದರೆ ಒಂದು ಪಿನ್ನಿನಿಂದ ಮತ್ತೊಂದಕ್ಕೆ ಇಂಚಿನ ಎಂಟನೇ ನಾಲ್ಕು ಭಾಗ, ಅಂದರೆ ಅರ್ಧ ಇಂಚು, 12.7 ಮಿ.ಮೀ. ಇಂಥ 120 ಕೊಂಡಿಗಳಿರುವ ಚೈನಿನಲ್ಲಿ ಪ್ರತಿ ಪಿನ್ನಿನ ಬಳಿ ಕೂದಲೆಳೆಯಷ್ಟು, ಬರೀ 0.1 ಮಿ.ಮೀ. ಸವೆದರೂ ಒಟ್ಟು 12 ಮಿ.ಮೀ. ಉದ್ದವಾಯಿತು. ಹಿಂದಿನ ಸ್ಪ್ರಾಕೆಟ್‌ಗೆ 42 ಹಲ್ಲು ಇದೆ ಎಂದುಕೊಂಡು ಲೆಕ್ಕ ಹಾಕಿದರೆ, ನಾಸಿಕ್‌ನಿಂದ ಸಂಭಾಜಿನಗರ ಮುಟ್ಟುವಷ್ಟರಲ್ಲಿ ಚೈನ್ ಸುಮಾರು 35 ಸಾವಿರ ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿಗೆ ಪ್ರತಿ ಕೊಂಡಿ ನಾಲ್ಕು ಸಲ ಬಾಗುತ್ತದೆ ಅಥವಾ ನೆಟ್ಟಗಾಗುತ್ತದೆ. ಅಲ್ಲಿಗೆ ಒಂದು ಪ್ರಯಾಣಕ್ಕೆ ಹತ್ತಿರ ಹತ್ತಿರ 1 ಲಕ್ಷ 40 ಸಾವಿರ ಸಲ. ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡದ ಜನ ನಾವು. ಇಷ್ಟು ದುಡಿಯುವ ಚೈನನ್ನು ಒಣಗಲು ಬಿಡಬಾರದು.

ಸಡಿಲ ಯಾಕೆ ಬೇಕು

ಚೈನ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ತಪ್ಪು. ಹಿಂದಿನ ಚಕ್ರ ಒಂದೇ ಕಡೆ ನಿಂತಿರುವುದಿಲ್ಲ. ಗುಂಡಿ, ದಿಬ್ಬ ಬಂದಾಗ ಶಾಕ್ ಅಬ್ಸಾರ್ಬರ್ ಜೊತೆ ಮೇಲೆ ಕೆಳಗೆ ಆಡುತ್ತದೆ. ಖಾಲಿ ಗಾಡಿಯಲ್ಲಿ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ. ನೀವು ಕೂತು, ಹಿಂದೆ ಇನ್ನೊಬ್ಬರು ಕೂತು, ಬ್ಯಾಗ್ ಕಟ್ಟಿದರೆ ಚಕ್ರ ಮೇಲಕ್ಕೆ ಬರುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಚಕ್ರದ ಆಕ್ಸೆಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಎಲ್ಲಕ್ಕಿಂತ ಹೆಚ್ಚು. ಆಗಲೂ ಚೈನಿನಲ್ಲಿ ಸ್ವಲ್ಪ ಆಟ ಉಳಿದಿರಬೇಕು. ನಿಂತ ಗಾಡಿಯಲ್ಲಿ ಕಾಣುವ ಸಡಿಲ ಇರುವುದು ಇದಕ್ಕಾಗಿಯೇ.

ಖಾಲಿ ಗಾಡಿಯಲ್ಲೇ ಚೈನನ್ನು ತಂಬೂರಿ ತಂತಿಯಂತೆ ಬಿಗಿದರೆ, ಇಬ್ಬರು ಕೂತು ವೇರೂಳಕ್ಕೆ ರಾಷ್ಟ್ರಕೂಟರ ಕೈಲಾಸ ನೋಡಲು ಹೊರಟಾಗ ಪ್ರತಿ ಗುಂಡಿಯಲ್ಲೂ ಅದು ಮುಂದಿನ ಸ್ಪ್ರಾಕೆಟ್ ಇರುವ ಶಾಫ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಗೇರ್‌ಬಾಕ್ಸಿನ ಬೇರಿಂಗ್, ಆಯಿಲ್ ಸೀಲ್, ಹಿಂದಿನ ಚಕ್ರದ ಬೇರಿಂಗ್ ಎಲ್ಲಕ್ಕೂ ಪೆಟ್ಟು. ಗೇರ್‌ಬಾಕ್ಸಿನ ಬೇರಿಂಗ್ ಹೋದರೆ ಎಂಜಿನ್ ಬಿಚ್ಚಬೇಕು. ಚೈನ್ ಸೆಟ್ಟಿನ ಖರ್ಚು ಅದರ ಮುಂದೆ ಏನೂ ಅಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಅತಿ ಬಿಗಿಯಾದ ಚೈನ್ ಓಡುವಾಗಲೇ ತುಂಡಾಗಬಹುದು.

ಹಾಗೆಂದು ಅತಿ ಸಡಿಲವೂ ಸಲ್ಲ. ಆಕ್ಸಿಲೇಟರ್ ಬಿಟ್ಟು ಹಿಡಿದಾಗಲೆಲ್ಲ ಗಾಡಿ ಜಗ್ಗುತ್ತದೆ, ಚೈನ್ ಕವರ್‌ಗೆ ಬಡಿಯುತ್ತದೆ, ಕೊನೆಗೊಂದು ದಿನ ಹಲ್ಲು ಬಿಟ್ಟು ಹೊರಬಂದು ಹಿಂದಿನ ಚಕ್ರವನ್ನೇ ಲಾಕ್ ಮಾಡಬಹುದು. ಯೇವಲಾ ದಾಟಿದ ಮೇಲೆ ಹಿಂದೆ ಲಾರಿ ಬರುತ್ತಿರುವಾಗ ಹಾಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಳೆಯುವುದು

ಗಾಡಿಯ ಮ್ಯಾನ್ಯುಯಲ್‌ನಲ್ಲಿ, ಎಷ್ಟೋ ಗಾಡಿಗಳಲ್ಲಿ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್‌ನಲ್ಲೇ, ಚೈನಿನ ಸಡಿಲ ಎಷ್ಟಿರಬೇಕು ಎಂದು ಬರೆದಿರುತ್ತದೆ. ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಅಥವಾ 25ರಿಂದ 35 ಮಿ.ಮೀ. ಇರುತ್ತದೆ. ಉದ್ದನೆಯ ಶಾಕ್ ಇರುವ ಎತ್ತರದ ಗಾಡಿಗಳಿಗೆ ಇನ್ನೂ ಹೆಚ್ಚು. ಸೈಡ್ ಸ್ಟ್ಯಾಂಡ್ ಮೇಲೆ ನೋಡಬೇಕೋ ಡಬಲ್ ಸ್ಟ್ಯಾಂಡ್ ಮೇಲೋ ಎಂಬುದೂ ಅಲ್ಲೇ ಇರುತ್ತದೆ. ಪಕ್ಕದ ಮನೆಯವನ ಗಾಡಿಯ ಅಳತೆ ನಿಮ್ಮ ಗಾಡಿಗೆ ಬೇಡ.

ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಕೆಳಗಿನ ಸಾಲಿನ ಚೈನಿನ ನಟ್ಟನಡುವೆ ಒಂದು ಸ್ಕೇಲ್ ಹಿಡಿಯಿರಿ. ಬೆರಳಿನಿಂದ ಚೈನನ್ನು ಕೆಳಗೆ ಒತ್ತಿ ಎಲ್ಲಿಗೆ ಬಂತು ನೋಡಿ, ಮೇಲೆ ಒತ್ತಿ ಎಲ್ಲಿಗೆ ಹೋಯಿತು ನೋಡಿ. ಈ ಎರಡರ ನಡುವಿನ ಅಂತರವೇ ಸಡಿಲ. ಪೂರ್ತಿ ಕವರ್ ಇರುವ ಗಾಡಿಗಳಲ್ಲಿ ಕವರ್‌ನ ಕೆಳಗೊಂದು ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ನೋಡಬಹುದು.

ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರವನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಎಲ್ಲಿ ಅತಿ ಬಿಗಿಯಾಗಿದೆಯೋ ಅಲ್ಲಿನ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ತುಂಬ ವ್ಯತ್ಯಾಸವಿದ್ದರೆ ಚೈನಿನ ಆಯುಷ್ಯ ಮುಗಿಯುತ್ತ ಬಂದಿದೆ ಎಂದರ್ಥ.

ಸರಿಪಡಿಸುವುದು

ಸಡಿಲ ಅಳತೆ ಮೀರಿದ್ದರೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಆಕ್ಸೆಲ್ ನಟ್ಟನ್ನು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಕೆಲವು ಗಾಡಿಗಳಲ್ಲಿ ಸ್ಪ್ರಾಕೆಟ್ ಇರುವ ಬದಿಯಲ್ಲಿ ಸ್ಲೀವ್ ನಟ್ ಎಂದು ಇನ್ನೊಂದು ದೊಡ್ಡ ನಟ್ ಇರುತ್ತದೆ, ಅದನ್ನೂ ಸಡಿಲಿಸಬೇಕು. ಡ್ರಮ್ ಬ್ರೇಕ್ ಆದರೆ ಬ್ರೇಕ್ ಪ್ಲೇಟನ್ನು ಹಿಡಿದಿರುವ ರಾಡ್‌ನ ನಟ್ಟೂ ಸಡಿಲವಾಗಲಿ.

ಸ್ವಿಂಗ್ ಆರ್ಮ್‌ನ ಎರಡೂ ತುದಿಯಲ್ಲಿ ಅಡ್ಜಸ್ಟರ್ ನಟ್‌ಗಳಿವೆ. ಅವನ್ನು ಕಾಲು ಸುತ್ತಿನಂತೆ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ತಿರುಗಿಸಿ. ಒಂದು ಪೂರ್ತಿ ಸುತ್ತಿಗೆ ಚಕ್ರ ಸರಿಸುಮಾರು ಒಂದು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಅಷ್ಟರಲ್ಲೇ ಸಡಿಲ ಎಷ್ಟೋ ಕಡಿಮೆಯಾಗುತ್ತದೆ, ಅವಸರ ಬೇಡ. ಎರಡೂ ಬದಿಯ ಗುರುತುಗೆರೆಗಳು ಒಂದೇ ಜಾಗದಲ್ಲಿರಬೇಕು. ಗೆರೆಗಳ ಮೇಲೆ ನಂಬಿಕೆ ಬಾರದಿದ್ದರೆ ಒಂದು ದಾರ ತೆಗೆದುಕೊಂಡು ಸ್ವಿಂಗ್ ಆರ್ಮ್ ಕೀಲಿನ ನಡುವಿನಿಂದ ಆಕ್ಸೆಲ್ ನಡುವಿಗೆ ಎರಡೂ ಬದಿ ಅಳೆದು ನೋಡಿ. ಚಕ್ರ ಓರೆಯಾದರೆ ಚೈನ್ ಹಲ್ಲಿನ ಒಂದೇ ಮಗ್ಗುಲನ್ನು ತಿನ್ನುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ.

ಅಳತೆ ಸರಿಬಂದ ಮೇಲೆ ಚಕ್ರವನ್ನು ಮುಂದಕ್ಕೆ ಒತ್ತಿ ಹಿಡಿದು ಆಕ್ಸೆಲ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಚಕ್ರ ಸ್ವಲ್ಪ ಸರಿದು ಸಡಿಲ ಬದಲಾಗುವುದುಂಟು, ಆದ್ದರಿಂದ ಮತ್ತೊಮ್ಮೆ ಅಳೆಯಲೇಬೇಕು. ಸಡಿಲಿಸಿದ ಪ್ರತಿ ನಟ್ಟನ್ನೂ ಎಣಿಸಿ ಬಿಗಿ ಮಾಡಿ. ಮ್ಯಾನ್ಯುಯಲ್‌ನಲ್ಲಿ ಆಕ್ಸೆಲ್ ನಟ್‌ಗೆ ಟಾರ್ಕ್ ಹೇಳಿರುತ್ತದೆ. ಟಾರ್ಕ್ ಪಾನಾ ಇಲ್ಲದವರು ಹತ್ತಿರದ ಗ್ಯಾರೇಜಿಗೆ ಹೋಗಿ ಅದೊಂದನ್ನು ಮಾಡಿಸಿಕೊಳ್ಳಿ.

ಹೊಸಬರು ಮರೆಯುವುದು ಬ್ರೇಕ್. ಚಕ್ರ ಹಿಂದಕ್ಕೆ ಸರಿದರೆ ಡ್ರಮ್ ಬ್ರೇಕಿನ ರಾಡ್ ಎಳೆದುಕೊಂಡು ಬ್ರೇಕ್ ಹಿಡಿದೇ ಇರಬಹುದು. ಚಕ್ರ ಸರಾಗ ತಿರುಗುತ್ತದೆಯೇ, ಪೆಡಲ್‌ಗೆ ಮೊದಲಿನಷ್ಟೇ ಆಟ ಇದೆಯೇ, ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತದೆಯೇ ನೋಡಿ. ಕೊನೆಯದಾಗಿ ಇಬ್ಬರು ಗೆಳೆಯರನ್ನು ಗಾಡಿಯ ಮೇಲೆ ಕೂರಿಸಿ ಚೈನ್ ಮುಟ್ಟಿ ನೋಡಿ. ಆಗಲೂ ಸ್ವಲ್ಪ ಆಡುತ್ತಿದ್ದರೆ ನಿಮ್ಮ ಕೆಲಸ ಸರಿಯಾಗಿದೆ.

ತೊಳೆಯುವುದು, ಎಣ್ಣೆ ಹಾಕುವುದು

ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಎಂಬುದು ಒಳ್ಳೆಯ ರೂಢಿ. ಮಳೆಯಲ್ಲಿ ನೆನೆದು ಬಂದರೆ ಕಿಲೋಮೀಟರ್ ಎಣಿಸದೆ ಮರುದಿನವೇ. ನಾಸಿಕ್-ಸಂಭಾಜಿನಗರ ಹೋಗಿ ಬಂದರೆ ಸುಮಾರು 380 ಕಿ.ಮೀ. ಆಗುತ್ತದೆ. ಹಾಗಾಗಿ ಒಂದು ಸಲ ಹೋಗಿಬಂದರೆ ಒಂದು ಸಲ ಎಣ್ಣೆ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ಮುಂಬೈ, ಪುಣೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವವರು ತಿಂಗಳ ಮೊದಲ ಭಾನುವಾರ ಎಂದು ಗೊತ್ತು ಮಾಡಿಕೊಳ್ಳಲಿ.

ನಿಮ್ಮದು ಓ-ರಿಂಗ್ ಚೈನೋ ಸಾದಾ ಚೈನೋ ಮೊದಲು ನೋಡಿ. ಓ-ರಿಂಗ್ ಚೈನಿನಲ್ಲಿ ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಬಳೆಗಳು ಕಾಣುತ್ತವೆ. ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಅವು ಒಳಗೆ ಹಿಡಿದಿಡುತ್ತವೆ. ಅದಕ್ಕೆ ಪೆಟ್ರೋಲ್, ತಂತಿ ಬ್ರಷ್, ಜೋರು ನೀರಿನ ಪೈಪ್ ಮೂರೂ ಬೇಡ, ರಬ್ಬರ್ ಹಾಳಾದರೆ ಒಳಗಿನ ಗ್ರೀಸ್ ಹೋದಂತೆಯೇ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಹಲ್ಲುಜ್ಜುವ ಹಳೆಯ ಬ್ರಷ್, ಒಂದು ಹಳೆ ಬನಿಯನ್ ಇದ್ದರೆ ಸಾಕು. ಮಣ್ಣು ಬಿಡಿಸಿ, ಒರೆಸಿ, ಪೂರ್ತಿ ಒಣಗಲು ಬಿಡಿ.

ಎಣ್ಣೆಗೆ ಚೈನ್ ಸ್ಪ್ರೇ ಆದೀತು, 90 ನಂಬರಿನ ಗೇರ್ ಆಯಿಲ್ ಆದೀತು. ಎಂಜಿನ್‌ನಿಂದ ಇಳಿಸಿದ ಕಪ್ಪು ಆಯಿಲ್ ಮಾತ್ರ ಬೇಡ. ಪುಕ್ಕಟೆ ಸಿಗುತ್ತದೆ ನಿಜ, ಜೊತೆಗೆ ಲೋಹದ ಪುಡಿ, ಮಸಿಯೂ ಪುಕ್ಕಟೆಯಾಗಿ ಬರುತ್ತವೆ. ಕೆಳಗಿನ ಸಾಲಿನ ಒಳಮಗ್ಗುಲಿಗೆ, ಎರಡೂ ಅಂಚಿನ ಪಟ್ಟಿಗಳ ಸಂದಿಗೆ ಎಣ್ಣೆ ಬೀಳಲಿ, ಚೈನ್ ತಿರುಗುವಾಗ ಅದು ತಾನಾಗಿಯೇ ಹೊರಮುಖಕ್ಕೆ ಹರಡುತ್ತದೆ. ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ ಹಾಕಿದರೆ ಚೆನ್ನಾಗಿ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಹೊರಗಿನ ಹೆಚ್ಚಿನದನ್ನು ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆಗೆ ಎರೆಮಣ್ಣಿನ ಧೂಳು ಮೆತ್ತಿ ಅರೆಯುವ ಹಿಟ್ಟಾಗುತ್ತದೆ. ಟೈರ್, ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ.

ಬೆರಳು, ಸೆರಗು

ಕೈ ಮುಗಿದು ಹೇಳುವ ಮಾತು ಒಂದಿದೆ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿಯಬೇಡಿ. ಕೆಲಸ ಬೇಗ ಆಗುತ್ತದೆಂದು ಹೀಗೆ ಮಾಡುವವರಿದ್ದಾರೆ. ಬಟ್ಟೆಯ ತುದಿ ಸ್ಪ್ರಾಕೆಟ್‌ಗೆ ಸಿಕ್ಕರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದರೂ ಬೆರಳು ತುಂಡರಿಸುವಷ್ಟು ಶಕ್ತಿ ಅದಕ್ಕಿದೆ. ಕಾರ್ಖಾನೆಯಲ್ಲಿ ದುಡಿಯುವವರಿಗೆ ಬೆರಳಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಚಕ್ರವನ್ನು ಕೈಯಿಂದಲೇ ಹಿಮ್ಮುಖವಾಗಿ ತಿರುಗಿಸಿ. ಆಗ ಕೆಳಗಿನ ಸಾಲು ಹಿಂದಿನ ಸ್ಪ್ರಾಕೆಟ್‌ನಿಂದ ದೂರ ಸರಿಯುತ್ತದೆ, ಬೆರಳನ್ನು ಒಳಕ್ಕೆ ಎಳೆಯುವುದಿಲ್ಲ.

ಇನ್ನೊಂದು, ಸೆರಗು ಮತ್ತು ದುಪಟ್ಟಾ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅದೇ ಸೀರೆ ಗಾರ್ಡ್. ಅಂದಕ್ಕೆ ಅಡ್ಡ ಎಂದು ಅದನ್ನೂ ಚೈನ್ ಕವರನ್ನೂ ಬಿಚ್ಚಿಡುವ ಹುಡುಗರು, ಅಮ್ಮನೋ ಅಕ್ಕನೋ ಊರಿಂದ ಬಂದು ಹಿಂದೆ ಕೂರುವ ದಿನವನ್ನು ನೆನೆಸಿಕೊಳ್ಳಲಿ.

ಬದಲಿಸುವ ಹೊತ್ತು

ಚೈನನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿನವರೆಗೆ ಅಳೆಯಿರಿ. ಹೊಸ 428 ಚೈನಿನಲ್ಲಿ ಇದು 254 ಮಿ.ಮೀ. ಶೇ. 2ರಷ್ಟು ಹೆಚ್ಚಿ 259 ಮುಟ್ಟಿದರೆ ಬದಲಿಸುವ ಕಾಲ ಬಂತು. ನಿಮ್ಮ ಮ್ಯಾನ್ಯುಯಲ್ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಿ. ಸ್ಕೇಲ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ಹಿಂತುದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಕಥೆ ಮುಗಿದಿದೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ. ಹಳೆಯ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದಾಗುತ್ತದೆ. ಉದ್ದವಾಯಿತೆಂದು ಒಂದು ಕೊಂಡಿ ಕತ್ತರಿಸಿ ಮತ್ತೆ ಹಾಕುವ ಉಪಾಯಕ್ಕೆ ಒಪ್ಪಬೇಡಿ, ಕೊಂಡಿ ಕಡಿಮೆಯಾದರೂ ಸವಕಳಿ ಉಳಿದೇ ಇರುತ್ತದೆ. ಕ್ಲಿಪ್ ಲಾಕ್ ಇರುವ ಚೈನಿನಲ್ಲಿ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಅಂದರೆ ಲಾಕ್ ಮೇಲಿನ ಸಾಲಿನಲ್ಲಿರುವಾಗ ಆ ತುದಿ ಗಾಡಿಯ ಮುಂದಕ್ಕೆ ಮುಖ ಮಾಡಿರಬೇಕು.

ಇಷ್ಟೆಲ್ಲ ಓದಿದ ಮೇಲೂ ಗ್ಯಾರೇಜಿನಲ್ಲೇ ಮಾಡಿಸುತ್ತೇನೆ ಎಂದರೆ ತಪ್ಪಿಲ್ಲ. ಪಕ್ಕದಲ್ಲಿ ನಿಂತು ಮಾಡಿಸಿ. ಮರಾಠಿ ಇನ್ನೂ ನಾಲಿಗೆಗೆ ಹತ್ತದವರು ಎರಡು ಮಾತು ಕಲಿತುಕೊಳ್ಳಿ. "ಚೇನ್ ಥೋಡೀ ಸೈಲ್ ಠೇವಾ" ಅಂದರೆ ಚೈನ್ ಸ್ವಲ್ಪ ಸಡಿಲ ಇಡಿ. "ದೋನ್ಹೀ ಬಾಜೂಂಚೀ ಖೂಣ ಸಾರಖೀ ಠೇವಾ" ಅಂದರೆ ಎರಡೂ ಬದಿಯ ಗುರುತು ಒಂದೇ ಸಮ ಇಡಿ. ಪಾನಾಕ್ಕೆ ಅಲ್ಲೂ ಪಾನಾ ಎಂದೇ ಹೆಸರು, ಆ ಚಿಂತೆ ಬೇಡ. ಮೇಸ್ತ್ರಿ ಕೆಲಸ ಮುಗಿಸಿದ ಮೇಲೆ ಹಣ ಕೊಡುವ ಮೊದಲು ಬಗ್ಗಿ, ಕೆಳಗಿನ ಸಾಲನ್ನು ಬೆರಳಿನಿಂದ ಒಮ್ಮೆ ಮೇಲಕ್ಕೆತ್ತಿ ನೋಡಿ. ಆಡದಿದ್ದರೆ ಮತ್ತೆ ಸಡಿಲಿಸಲು ಹೇಳಿ, ಸಂಕೋಚ ಬೇಡ.